ಹನಿಗೆರೆಯಾಚೆಯ ಸಾಮಾನು

ವಿರೋಧಿಕೃತ್ ಸಂವತ್ಸರ, ಚೈತ್ರ ಬಹುಳ ದಶಮಿ

ತಂಗಿ ಪುಟ್ಟಲಕ್ಷ್ಮಿ, ಹೇಗಿದ್ದೀಯ? ನಿನ್ನ ಸೊಂಟದ ಹಿಡಿತ ಬಿಟ್ಟಿತೇ? ಕಾಳಪ್ಪನವರ ಕೆಮ್ಮು ಹೇಗಿದೆ? ಕುಲುಮೆಯ ಹೊಗೆಯಲ್ಲೇ ಕೂತುಕೊಂಡು ಕೆಮ್ಮಿಗೆ ಕಷಾಯ ಕೇಳುವ ಗಂಡಸಿಗೆ ಏನು ಹೇಳುವುದು, ನನ್ನ ಹೆಸರು ಹೇಳಿ ಬೈದುಬಿಡು. ನಿನ್ನ ಮಗ ಶ್ರೀನಿವಾಸನ ಕಾಲಿನ ಗಾಯ ಮಾಯಿತೇ? ಅವನ ಹೆಂಡತಿಗೆ ಈಗ ಊಟ ಸೇರುತ್ತಿದೆಯೇ? ನನ್ನ ಮೊಮ್ಮಗಳು ಲಲಿತೆ ನಿಮ್ಮ ಬೂಕನಕೆರೆಗೆ ಹೊಂದಿಕೊಂಡಳೇ? ಹಸಿವಾದರೆ ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ ಅವಳು. ಒಂದು ಸಲ ಬೇಡ ಅಂದರೆ ಇನ್ನೊಂದು ಸಲ ಕೇಳಬೇಕು.

ನಾನು ಗಟ್ಟಿಯಾಗಿದ್ದೇನೆ. ಈ ಕಾಗದ ನಿನ್ನ ಕೈಗೆ ಯಾವಾಗ ಸೇರುತ್ತದೋ ತಿಳಿಯದು. ಊರು ದಾಟಿ ಹೋಗುವವರೆಲ್ಲ ಆಗಲೇ ಹೋದರು, ಈಗ ಕೊಟ್ಟು ಕಳಿಸಲು ಯಾರಿದ್ದಾರೆ? ಅದಕ್ಕೇ ನಮ್ಮ ಯಜಮಾನರು ಮರದ ಅಳತೆ ಬರೆದಿಡುತ್ತಿದ್ದ, ಕರಿ ಬಳಿದ ಬಟ್ಟೆಯ ಮಡಿಕೆ ಕಡತ ತೆಗೆದುಕೊಂಡು, ಬಳಪದಲ್ಲಿ ಬರೆಯಲು ಕೂತಿದ್ದೇನೆ. ತೊಲೆಗಳ ಮೇಲೆ ಅವರು ಹಾಕುತ್ತಿದ್ದ ಗುರುತಿನ ಅಕ್ಷರ ನೋಡಿ ನೋಡಿ ಕಲಿತವಳು ನಾನು. ಒತ್ತಕ್ಷರ ತಪ್ಪಿದ್ದರೆ ಕಾಳಪ್ಪನವರು ನಗದೆ ಓದಿ ಹೇಳಲಿ.

ಬೆಂಗಳೂರು ಪರಂಗಿ ಕುಂಪಣಿಯವರ ಕೈಸೇರಿದ ದಿನದಿಂದ ಇಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅವರ ದಂಡು ಇನ್ನೇನು ಶ್ರೀರಂಗಪಟ್ಟಣದ ಕಡೆ ಹೊರಡುತ್ತದಂತೆ. ಕೋಟೆಯ ಪಕ್ಕದ ನಮ್ಮ ಗಂಜಾಮಿನ ಈ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಇವತ್ತು ಒಲೆ ಉರಿದದ್ದು ಎರಡರಲ್ಲಿ. ಒಂದು ನನ್ನದು, ಇನ್ನೊಂದು ಹೂ ಕಟ್ಟುವ ದೇವಯ್ಯನದು. ಬಾಡಿಗೆ ಗಾಡಿ ಹೊಡೆಯುವ ಸಿದ್ದರಾಜುವಿನ ಗಾಡಿಯಲ್ಲಿ ಒಬ್ಬರಿಗೆ ಜಾಗವಿತ್ತು, ಲಲಿತೆಯನ್ನು ಕೂರಿಸಿ ಕಳಿಸಿದೆ. ಈ ಮೊಣಕಾಲು ಕಟ್ಟಿಕೊಂಡು ನಾನು ನಡೆದು ಹೋಗುವುದೆಲ್ಲಿಗೆ? ಎದುರು ಮನೆ ಗಾಣದ ಕುಳ್ಳಮ್ಮ ನಿನ್ನೆ ಹೋದಳು. ಇಪ್ಪತ್ತು ವರ್ಷದಿಂದ ಬಚ್ಚಲ ನೀರಿಗಾಗಿ ನನ್ನ ಜೊತೆ ಜಗಳ ಆಡಿದವಳು. ಇವತ್ತು ಬೀದಿ ಎಷ್ಟು ತಣ್ಣಗಿದೆ ಗೊತ್ತೇ? ಸ್ವರ್ಗ.

ಇನ್ನು ನಿಜವಾದ ಸುದ್ದಿ. ಗಾಡಿಯಲ್ಲಿ ಹಿಡಿಸದ ಸಾಮಾನನ್ನೆಲ್ಲ ಜನ ಹೊರಗಿಟ್ಟು ಹೋಗಿದ್ದಾರೆ! ಒರಳು, ಒನಕೆ, ಮಣೆ, ಮೊರ, ಜಾಡಿ. ನಮ್ಮ ಬೀದಿಯ ಕಟ್ಟಳೆ ನಿನಗೆ ನೆನಪಿರಬೇಕು. ಸೂರಿನ ನೀರು ತೊಟ್ಟಿಕ್ಕುವ ಕಡೆ ನೆಲದಲ್ಲಿ ಗೆರೆ ಬೀಳುತ್ತದಲ್ಲ, ಹನಿಗೆರೆ, ಅದರಿಂದಾಚೆ ಇಟ್ಟ ಸಾಮಾನು ಬೇಡವಾದದ್ದು, ಬೇಕಾದವರು ಒಯ್ಯಬಹುದು, ಹೇಳಬೇಕಾಗಿಲ್ಲ ಕೇಳಬೇಕಾಗಿಲ್ಲ. ಗೆರೆಯಿಂದೀಚೆ ಇದ್ದರೆ ಅದು ಮನೆಯೊಳಗೆ ಇದ್ದ ಹಾಗೆಯೇ. ನಾಯಿ ಕೂಡ ಮೂಸಬಾರದು.

ನನಗೆ ಈ ಸಾಮಾನು ಯಾಕೆ ಬೇಕು ಎಂದು ನಿನಗೆ ಗೊತ್ತು. ಲಲಿತೆಯ ನಿಶ್ಚಿತಾರ್ಥದ ದಿನ ನಾಗಮಂಗಲದವರ ಮುಂದೆ ನಾನಾಡಿದ ಮಾತು ಎಲ್ಲಿಗೆ ಹೋಗುತ್ತದೆ? ಹುಡುಗ ನಾಗರಾಜ ಒಳ್ಳೆಯ ಕಂಚುಗಾರ, ಅಲ್ಲಗಳೆಯುವುದಿಲ್ಲ. ಆದರೆ ತಾಯಿ ತೀರಿಕೊಂಡು, ಅಣ್ಣಂದಿರು ಪಾಲು ಮಾಡಿಕೊಂಡು ಹೋಗಿ, ಅವನ ಮನೆಯಲ್ಲಿ ನೀರು ಕುಡಿಯಲು ಇರುವುದು ಒಂದು ತೆಂಗಿನ ಚಿಪ್ಪು. ಅವನ ಸೋದರತ್ತೆ "ಬರಿ ಮನೆಗೆ ಎಣ್ಣು ತರಾದೆಂಗೆ?" ಎಂದು ಮೂಗು ಮುರಿದಳು. ನಾನು ಸುಮ್ಮನಿರಬೇಕಿತ್ತು. "ಬೀಸೋ ಕಲ್ಲಿನಿಂದ ಕಡೆಗೋಲಿನವರೆಗೆ ನಮ್ ಉಡುಗಿ ತುಂಬಿದ್ ಮನೆ ತತ್ತಾಳೆ" ಎಂದುಬಿಟ್ಟೆ. "ಅಂಗಾದ್ರೆ ಸ್ರಾವಣಕ್ಕೆ ಮದ್ವೆ, ಇಲ್ದಿದ್ರೆ ಹೇಮಗಿರಿ ಕಡೆ ಒಂದ್ ಎಣ್ಣೈತೆ" ಅಂದಳು ಆಕೆ. ನನ್ನ ಮನೆಯ ಪಾತ್ರೆಗಳೆಲ್ಲ ಯಜಮಾನರ ಕಾಯಿಲೆಗೆ ಒಂದೊಂದಾಗಿ ಹೋದವು ಎಂದು ಅವಳಿಗೇನು ಗೊತ್ತು? ಲಲಿತೆಗೆ ಹುಡುಗನ ಮೇಲೆ ಮನಸ್ಸಿದೆ. ಶ್ರಾವಣಕ್ಕೆ ಇನ್ನು ಮೂರು ತಿಂಗಳು.

ನಾಳೆಯಿಂದ ಬೇಟೆ.

ಬಹುಳ ದ್ವಾದಶಿ

ಬೆಳಕು ಹರಿಯುವ ಹೊತ್ತಿಗೆ ಹೊರಟರೆ ನನಗಿಂತ ಮುಂಚೆ ಬೀದಿಯಲ್ಲಿ ದೇವಯ್ಯ! ಕಂಕುಳಲ್ಲಿ ಗಿಳಿಯಿಲ್ಲದ ಪಂಜರ, ಕೈಯಲ್ಲಿ ಒಂಟಿ ಎಕ್ಕಡ.

"ಏನ್ ನಾಗಕ್ಕ, ಒತ್ತಾರೆಗೇ ಒಂಟ್ಬುಟ್ಟೆ?"

"ನೀನೇನ್ ಮಾಡ್ತಾ ಇದ್ದೀಯಯ್ಯ? ಒಂದ್ ಕಾಲ್ನ ಎಕ್ಕಡ ಯಾಕೆ ನಿಂಗೆ?"

"ಇನ್ನೊಂದ್ ಮುಂದಿನ್ ಬೀದೀಲಿ ಸಿಗಬೌದು ಕಣಕ್ಕ. ಆಸೆ ಬುಡಬಾರ್ದು."

ಎರಡು ತೊಂಡೆಕಾಯಿಯಷ್ಟು ಸಾಮಾನಿಗೆ ಜಗಳವಾಯಿತು. ಹನಿಗೆರೆ ಎಲ್ಲಿ ಎಂಬುದೇ ತಕರಾರು. ಮಳೆ ಕಂಡು ಆರು ತಿಂಗಳಾಗಿದೆ. ಹೋದವರ ಗಾಡಿಗಳೆಲ್ಲ ಜಗಲಿಗೆ ಒರಸಿಕೊಂಡೇ ಹೋಗಿ, ಬೀದಿಯಲ್ಲಿ ಮೊಣಕಾಲುದ್ದ ಧೂಳು, ಒಂದು ಗೆರೆಯೂ ಕಾಣದು. ದೇವಯ್ಯ ಕಾಲಲ್ಲಿ ಗೀರಿ "ಇಲ್ಲೈತೆ" ಎನ್ನುತ್ತಾನೆ. ಅವನ ಕಾಲು ಅವನ ಆಸೆ ಇದ್ದ ಕಡೆಗೆ ಹೋಗುತ್ತದೆ.

ನಾನು ಬಡಗಿಯ ಹೆಂಡತಿ. ಮನೆಗೆ ಬಂದು ಯಜಮಾನರ ಪೆಟ್ಟಿಗೆಯಿಂದ ಗುಂಡು ಕಟ್ಟಿದ ದಾರ ತೆಗೆದುಕೊಂಡು ಹೋದೆ. ಕಂಬ ನೆಟ್ಟಗೆ ನಿಂತಿದೆಯೋ ಎಂದು ನೋಡಲು ಅವರು ಇಳಿಬಿಡುತ್ತಿದ್ದರಲ್ಲ, ಅದೇ. ಸೂರಿನ ಮರದ ತುದಿಗೆ ದಾರ ಹಿಡಿದು ಬಿಟ್ಟರೆ ಗುಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮನೆ ಮುಗಿಯಿತು. ದೇವಯ್ಯ ಬಗ್ಗಿ ಗುಂಡಿನ ತುದಿ ನೋಡಿದ.

"ಈ ಗುಂಡು ಸುಳ್ಳ್ ಯೋಳಾಕಿಲ್ಲ ಬುಡು," ಎಂದ.

ಒಂದೊಂದು ಸಾಮಾನು ಎಲ್ಲಿಂದ ತಂದೆ, ಗುಂಡಿನಿಂದ ಎಷ್ಟು ಆಚೆ ಇತ್ತು ಎಂದು ಈ ಕಡತದ ಹಿಂದಿನ ಮಡಿಕೆಯಲ್ಲಿ ಬರೆದಿಡುತ್ತಿದ್ದೇನೆ. ನಾಳೆ ಯಾರೂ ನಾಗಲಕ್ಷ್ಮಿ ಕದ್ದಳು ಅನ್ನಬಾರದು. ಇವತ್ತಿನದು: ಮೊರ ಎರಡು, ನಾಲ್ಕು ಬೆರಳು ಆಚೆ. ಶಾವಿಗೆ ಒತ್ತುವ ಒರಳು, ಒಂದು ಗೇಣು ಆಚೆ. ಮಾವಿನಕಾಯಿ ಉಪ್ಪಿನಕಾಯಿ ತುಂಬಿದ ಜಾಡಿ, ಉಪ್ಪಿನಕಾಯಿ ಸಮೇತ, ಐದು ಬೆರಳು ಆಚೆ. ರುಚಿ ನೋಡಿದೆ. ಸಾಸಿವೆ ಸ್ವಲ್ಪ ಮುಂದು.

ಅಮಾವಾಸ್ಯೆ

ಅಮಾವಾಸ್ಯೆಯ ದಿನ ಬೇರೆಯವರ ಹಳೆಯ ಸಾಮಾನು ಮುಟ್ಟಬಾರದು. ನಾನು ಮುಟ್ಟಲಿಲ್ಲ. ದೇವಯ್ಯ ಮುಟ್ಟಿದ. ಎಡವಿ ಬಿದ್ದು ಹಲ್ಲು ಅಲ್ಲಾಡುತ್ತಿದೆಯಂತೆ. ಒಳಗೊಳಗೇ ನಕ್ಕು, ಲವಂಗ ಕೊಟ್ಟು ಕಳಿಸಿದೆ.

ವೈಶಾಖ ಶುದ್ಧ ತದಿಗೆ

ಇವತ್ತು ಅಕ್ಷಯ ತದಿಗೆ, ತಂದದ್ದು ಹೆಚ್ಚುತ್ತದೆ ಎನ್ನುತ್ತಾರೆ. ಅದಕ್ಕೇ ದೊಡ್ಡದಕ್ಕೇ ಕೈಹಾಕಿದೆ.

ಮೂಲೆಮನೆ ಸೋಮಯ್ಯನವರು ಮಂಚವೊಂದನ್ನು ಹೊರಗೆ ನಿಲ್ಲಿಸಿ ಹೋಗಿದ್ದಾರೆ. ಬೀಟೆಯ ಮರ, ಮೂರು ಕಾಲು. ನಾನು ತಲೆಯ ಕಡೆ ಹಿಡಿದೆ. ಕಣ್ಣೆತ್ತಿದರೆ ಕಾಲಿನ ಕಡೆ ದೇವಯ್ಯ ಹಿಡಿದಿದ್ದಾನೆ.

"ಬುಡು ನಾಗಕ್ಕ, ನಾ ಮೊದ್ಲು ನೋಡ್ದೆ."

"ನೋಡಿದ್ರೆ ಆತಾ? ನಾ ಮೊದ್ಲು ಮುಟ್ಟಿದ್ದೀನಿ."

"ಒಬ್ಬಂಟಿ ಗಂಡ್ಸಿಗೆ ಮಂಚ ಬ್ಯಾಡ್ವಾ?"

"ಒಬ್ಬಂಟಿ ಗಂಡ್ಸು ಮೂರ್ ಕಾಲಿನ ಮಂಚದ್ ಮ್ಯಾಲೆ ಮಲಗಿ ಬಿದ್ರೆ ಎತ್ತೋರ್ ಯಾರಯ್ಯ? ಅಲ್ಲಾಡ್ತಿರೋ ಅಲ್ಲೂ ಉದ್ರೋಯ್ತದೆ."

ಇಬ್ಬರೂ ಬಿಡಲಿಲ್ಲ. ಇಬ್ಬರಿಗೂ ಎತ್ತಲೂ ಆಗಲಿಲ್ಲ. ಕೊನೆಗೆ ಮಂಚದ ಮೇಲೆ ಆ ತುದಿ ಈ ತುದಿ ಕೂತು, ನಾನು ತಂದಿದ್ದ ಉಪ್ಪಿನಕಾಯಿ ಅವನು ತಂದಿದ್ದ ರೊಟ್ಟಿಗೆ ನಂಚಿಕೊಂಡು ತಿಂದೆವು. ತಿಂದ ಮೇಲೆ ಅವನೇ "ಉಡುಗಿ ಮದ್ವೆಗೆ ಅಂತೀಯ, ತಕಂಡ್ ವೋಗು" ಅಂದು ನೂಕಿಕೊಟ್ಟ. ನಾಲ್ಕನೆಯ ಕಾಲು ಇಲ್ಲದೆ ಹಾಗೇ ಇಟ್ಟರೆ ನೋಡಲು ಆಗದು. ಹಿತ್ತಿಲಲ್ಲಿ ಬಿದ್ದಿದ್ದ ತುಂಡಿನಿಂದ ಒಂದು ಕಾಲು ಕೆತ್ತಿ ಹಾಕಿದೆ. ಯಜಮಾನರು ಮರ ಕೆತ್ತುತ್ತಿದ್ದ ಬಾಚಿಗೆ ತುಕ್ಕು ಹಿಡಿದಿತ್ತು, ಉಜ್ಜಿ ಹದ ಮಾಡಿದೆ. ಅಷ್ಟೇನೂ ಚೆನ್ನಾಗಿ ಬಂದಿಲ್ಲ.

ಇದಕ್ಕಿಂತ ಒಳ್ಳೆಯದನ್ನು ಕೊನೆಗೆ ಬರೆಯೋಣವೆಂದು ಇಟ್ಟುಕೊಂಡಿದ್ದೆ. ಕುಳ್ಳಮ್ಮನ ಬೀಸುವ ಕಲ್ಲು! ಜೋಡಿ ಕಲ್ಲು, ಗೂಟ ಮುರಿದಿದೆ ಅಷ್ಟೆ. ಗುಂಡಿನಿಂದ ಒಂದು ಗೇಣು ಆಚೆ. ಎಷ್ಟೋ ಸಲ ಕೇಳಿದರೂ ಒಂದು ಸೇರು ರಾಗಿ ಬೀಸಲು ಕೊಡದವಳು, ಹೋಗುವಾಗ ಬಿಸಾಡಿ ಹೋಗಿದ್ದಾಳೆ ನೋಡು. ಉರುಳಿಸಿಕೊಂಡು ತಂದೆ. ಬೀಸುವ ಕಲ್ಲಿನಿಂದ ಎಂದಿದ್ದೆನಲ್ಲ ನಾಗಮಂಗಲದವಳಿಗೆ, ಬೀಸುವ ಕಲ್ಲು ಬಂತು.

ಶುದ್ಧ ಸಪ್ತಮಿ

ಒಟ್ಟು ಇಪ್ಪತ್ತಮೂರು ಸಾಮಾನು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕಲ್ಲಿಗೆ ಹೊಸ ಗೂಟ ಹಾಕಿದೆ, ಸವೆದಿದ್ದ ಮೈಯನ್ನು ಉಳಿಯಿಂದ ಮುಳ್ಳು ಹೊಡೆದು ಒರಟು ಮಾಡಿದೆ. ಕಡೆಗೋಲಿಗೆ ಹೊಸ ಹಿಡಿ. ಎರಡು ಮಣೆಗೆ ಕಾಲುಪಟ್ಟಿ. ಶಾವಿಗೆ ಒರಳಿನ ಕಿವಿ ಸೀಳಿತ್ತು, ಬೈರಿಗೆಯಲ್ಲಿ ತೂತು ಕೊರೆದು ಬಿದಿರಿನ ಮೊಳೆ ಹೊಡೆದೆ. ಬೆಳಗ್ಗೆ ಕೂತವಳು ಏಳುವ ಹೊತ್ತಿಗೆ ಬಿಸಿಲು ಇಳಿದಿತ್ತು, ಒಲೆ ಹಚ್ಚುವುದೇ ಮರೆತುಹೋಗಿತ್ತು. ಮೊಣಕಾಲಿನ ನೋವಿನ ವಿಷಯ ಬರೆಯಬೇಕೆಂದಿದ್ದೆ, ಯಾವ ಕಾಲು ಎಂದು ಈಗ ನೆನಪಾಗುತ್ತಿಲ್ಲ.

ಕುಳ್ಳಮ್ಮನ ಬಾಗಿಲ ಮುಂದೆ ಕಸ ಗುಡ್ಡೆ ಬಿದ್ದಿತ್ತು. ಗುಡಿಸಿ ನೀರು ಚಿಮುಕಿಸಿ ಬಂದೆ. ಗಾಳಿ ಬೀಸಿದರೆ ಆ ಕಸ ನನ್ನ ಮನೆಗೇ ಬರುತ್ತದಲ್ಲ, ಅದಕ್ಕೆ. ಬೆಳಗ್ಗೆ ಎದ್ದ ಕೂಡಲೇ ಅವಳು "ಯಾವಳೇ ನೀರ್ ಬುಟ್ಟೋಳು!" ಎಂದು ಕೂಗುತ್ತಿದ್ದಳು. ಈಗ ಕೋಳಿಯೂ ಇಲ್ಲ, ಅವಳೂ ಇಲ್ಲ, ಹೊತ್ತು ಹುಟ್ಟಿದ್ದೇ ತಿಳಿಯುವುದಿಲ್ಲ.

ಶುದ್ಧ ಏಕಾದಶಿ

ಮಳೆ ಬಂತು ಪುಟ್ಟೂ.

ಮಧ್ಯಾಹ್ನ ಕಳೆದು ಮೋಡ ಕಟ್ಟಿ, ಚಾಮುಂಡಿ ಬೆಟ್ಟದ ಕಡೆಯಿಂದ ಧೋ ಎಂದು ಸುರಿಯಿತು. ಜಗಲಿಯ ಮೇಲೆ ನಿಂತು ನೋಡಿ ಖುಷಿಪಡುತ್ತಿದ್ದೆ. ಆಮೇಲೆ ನನ್ನ ಸೂರಿನ ನೀರು ಬೀಳುವುದನ್ನು ನೋಡಿದೆ. ಆಮೇಲೆ ಕುಳ್ಳಮ್ಮನ ಸೂರಿನದು. ಆಮೇಲೆ ತಲೆಗೆ ಸೆರಗು ಹಾಕಿಕೊಂಡು ಬೀದಿಯುದ್ದಕ್ಕೂ ನಡೆದು ಎಲ್ಲ ಮನೆಯದೂ ನೋಡಿ ಬಂದೆ.

ನಾನು ಗುಂಡು ಇಳಿಬಿಟ್ಟದ್ದು ಮರದ ತುದಿಯಿಂದ. ಬಡಗಿಯ ಮನೆಯವರಿಗೆ ಮನೆ ಎಂದರೆ ಮರ. ಮರ ಮುಗಿದ ಕಡೆ ನಮ್ಮ ಕೆಲಸ ಮುಗಿಯಿತು, ಆಮೇಲಿನದು ಹೆಂಚಿನವನ ಪಾಡು. ಆದರೆ ಹೆಂಚು ಮರದಿಂದ ಒಂದು ಗೇಣು ಮುಂದಕ್ಕೆ ಚಾಚಿರುತ್ತದೆ. ನೀರು ಹೆಂಚಿನ ಮೇಲೆ ಓಡಿ ಬಂದು ಇನ್ನೂ ಅಷ್ಟು ಮುಂದಕ್ಕೆ ಹಾರಿ ಬೀಳುತ್ತದೆ. ನನ್ನ ಗುಂಡು ನಿಂತ ಜಾಗಕ್ಕೂ ನೀರು ಗೆರೆ ಕೊರೆದ ಜಾಗಕ್ಕೂ ಒಂದು ಮೊಳ ಅಂತರ. ನಲವತ್ತು ವರ್ಷ ಸೂರು ನೋಡಿದವಳು ನಾನು.

ಕಡತದ ಹಿಂದಿನ ಮಡಿಕೆ ಬಿಡಿಸಿ ಕೂತೆ. ನಾಲ್ಕು ಬೆರಳು, ಐದು ಬೆರಳು, ಒಂದು ಗೇಣು. ಎಲ್ಲ ನನ್ನ ಕೈಯ ಬರಹವೇ. ಇಪ್ಪತ್ತಮೂರರಲ್ಲಿ ಒಂದು ಮೊಳ ದಾಟಿ ಇದ್ದದ್ದು ಒಂದು ಒನಕೆ, ತಳ ಹೋದ ಒಂದು ಬುಟ್ಟಿ, ಒಂದು ಜರಡಿ. ಮೂರೇ.

ಕುಳ್ಳಮ್ಮನ ಕಲ್ಲು ಗೆರೆಯ ಒಳಗೇ ಇತ್ತು. ಅವಳು ಬಿಸಾಡಿರಲಿಲ್ಲ.

ದ್ವಾದಶಿ

ಬೆಳಗಿನಿಂದ ಅರಕೆರೆ ಕಡೆ ತೋಪಿನ ಸದ್ದು. ಹೆಂಚು ಅದುರುತ್ತಿದೆ.

ಮೊರ ಎರಡು ವಾಪಸು ಇಟ್ಟು ಬಂದೆ.

ಚತುರ್ದಶಿ

ಸದ್ದು ನಿಂತಿದೆ. ದಂಡು ಹೊಳೆಯಾಚೆ ಬೀಡು ಬಿಟ್ಟಿದೆಯಂತೆ. ಕೋಟೆಯ ಕಡೆ ಹೋಗಿಬಂದ ದೇವಯ್ಯ ಹೇಳಿದ. ನಾನು ಆಗ ಶಾವಿಗೆ ಒರಳು ಅಪ್ಪಿಕೊಂಡು ಬೀದಿಯ ನಡುವೆ ನಿಂತಿದ್ದೆ.

"ನಾಗಕ್ಕ, ನಿಂಗೇನ್ ಮಂಕು ಕವಿದೈತಾ? ಪರಂಗಿಯೋರು ಬಾಗ್ಲಿಗೆ ಬಂದವ್ರೆ, ನೀನು ಸಾಮಾನ್ ಜೋಡಿಸ್ತಾ ಇದ್ದೀಯಾ!"

"ಮಳೆ ನೋಡ್ನಿಲ್ವಾ ನೀನು? ಗೆರೆ ಎಲ್ಲಿ ಬಿತ್ತು ಅಂತ ನೋಡ್ನಿಲ್ವಾ?"

"ನಾ ಮಲಗಿದ್ದೆ."

"ಆ ಗುಡುಗಿಗೆ?"

"ಸುಸ್ತಾಗಿತ್ತು ಕಣಕ್ಕ." ಅವನು ನನ್ನ ಮುಖ ನೋಡಲಿಲ್ಲ. "ಆಗ್ಲಿ, ತಪ್ಪೇ ಆತು. ಯಾರ್ ಕೇಳಾಕ್ ಬತ್ತಾರೆ? ಈ ಬೀದಿಗೆ ಇನ್ ಯಾರ್ ತಿರುಗಿ ಬತ್ತಾರೆ ಯೋಳು."

"ಬರಾಕಿಲ್ಲ ಅಂತ ಇದ್ದಿದ್ರೆ ಗೆರೆಯಾಚೆ ಇಟ್ಟು ವೋಗೋರು ಕಣಯ್ಯ. ಒಳಗ್ ಇಟ್ಟವ್ರೆ."

ಅವನು ತಲೆ ಕೆರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬಂದು ಒರಳಿನ ಇನ್ನೊಂದು ಕಡೆ ಹಿಡಿದ. ಮಂಚವನ್ನೂ ಇಬ್ಬರೇ ಹೊತ್ತೆವು. ಅವತ್ತು ಎತ್ತಲಾಗದ ಮಂಚ ಇವತ್ತು ಹೇಗೋ ಎದ್ದಿತು, ನಾಲ್ಕು ಕಾಲಿದ್ದುದಕ್ಕೋ ಏನೋ.

ಸೋಮಯ್ಯನವರ ಜಗಲಿಯ ಹತ್ತಿರ ಮಂಚ ಇಳಿಸಿ ನೋಡುತ್ತೇನೆ, ಪಂಜರ, ಒಂಟಿ ಎಕ್ಕಡ, ಎರಡು ಕೊಡ ಅಲ್ಲಿ ಆಗಲೇ ಸಾಲಾಗಿ ಕೂತಿವೆ.

"ಇವು ಯಾವಾಗ ಬಂದ್ವು?" ಎಂದೆ.

"ನಾಯಿ ತಂದಾಕಿರಬೌದು," ಎಂದ ದೇವಯ್ಯ.

ಹುಣ್ಣಿಮೆ

ಎಲ್ಲ ಮುಗಿಯಿತು. ಕಲ್ಲು ಒಂದು ಉಳಿದಿತ್ತು, ಇವತ್ತು ಉರುಳಿಸಿದೆ. ಅದು ಬೀದಿ ದಾಟುವಾಗ ಅದರ ಮೇಲೆ ಒಂದು ಕ್ಷಣ ಕೂತೆ. ಸುಸ್ತಿಗೆ ಕೂತೆ ಎಂದುಕೋ. ಉಪ್ಪಿನಕಾಯಿ ಜಾಡಿಯಲ್ಲಿ ಅರ್ಧ ಖಾಲಿಯಾಗಿದೆ. ಅದಕ್ಕೆ ನಮ್ಮ ಮನೆಯ ನಿಂಬೆಕಾಯಿ ಹಾಕಿ ತುಂಬಿಸಿ ಇಟ್ಟಿದ್ದೇನೆ, ಎರಡೂ ಕೂಡಿ ಹೇಗಾಗುತ್ತದೋ ದೇವರಿಗೇ ಗೊತ್ತು.

ನಡುಮನೆ ಬರಿದಾಗಿದೆ. ಒಂದು ಒನಕೆ, ಒಂದು ಬುಟ್ಟಿ, ಒಂದು ಜರಡಿ. ಇದನ್ನು ಹೊತ್ತುಕೊಂಡು ನಮ್ಮ ಹುಡುಗಿ ನಾಗಮಂಗಲದ ಬಾಗಿಲಲ್ಲಿ ನಿಲ್ಲಬೇಕು. ಮಾತು ಆಡಿದವಳು ನಾನು, ತಲೆ ತಗ್ಗಿಸಬೇಕಾದವಳು ಅವಳು. ಅವಳಿಗೆ ಈಗಲೇ ಏನೂ ಹೇಳಬೇಡ.

ಬಹುಳ ದಶಮಿ

ದಂಡು ಹಿಂದಕ್ಕೆ ಹೋಯಿತು! ಮಳೆಗೆ ಸಿಕ್ಕಿ ಅವರ ಎತ್ತುಗಳು ಸಾವಿರಗಟ್ಟಲೆ ಸತ್ತವಂತೆ, ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ಕನ್ನಂಬಾಡಿಯ ಕಡೆ ಒಡೆದು ಹೂತುಹಾಕಿ ಹೋದರಂತೆ. ದೇವಯ್ಯ ಕುಣಿದಾಡಿದ. ಅಲ್ಲಾಡುತ್ತಿದ್ದ ಹಲ್ಲು ಉದುರಿಯೇ ಹೋಯಿತು. ನಾನು ಪಾಯಸ ಮಾಡಿದೆ.

ಹೊರಬಾಗಿಲಲ್ಲಿ ಕೂತು ಬೀದಿಯ ತುದಿಯನ್ನೇ ನೋಡುತ್ತಿದ್ದೇನೆ. ಸುಮ್ಮನೆ, ಗಾಳಿಗೆ.

ಬಹುಳ ತ್ರಯೋದಶಿ

ಕುಳ್ಳಮ್ಮ ಬಂದಳು. ಅವಳ ಗಾಡಿ ಕಾಣುವ ಮೊದಲೇ ಅವಳ ದನಿ ಬಂತು. ಎತ್ತಿಗೆ ಬೈಯುತ್ತಿದ್ದಳು. ಹಿಂದೆಯೇ ಬೀದಿಯವರ ಗಾಡಿಗಳೆಲ್ಲ. ನನಗೆ ಅಳು ಬಂತು, ಧೂಳು ಬಿದ್ದಿರಬೇಕು.

ಗಾಡಿ ಇಳಿದು ಮನೆಯ ಮುಂದೆ ನಿಂತಳು, ಸೊಂಟಕ್ಕೆ ಕೈಯಿಟ್ಟು.

"ನಾಗಮ್ಮೋ! ಬಾರೆ ಇಲ್ಲಿ! ಇದೇನೇ ಇದು!"

ಸಿಕ್ಕಿಬಿದ್ದೆ ಎಂದುಕೊಂಡೆ. ಹೋದೆ.

"ನನ್ ಕಲ್ಲಿಗೆ ಗೂಟ ಬಂದೈತೆ! ಮುರ್ದೋಗಿತ್ತು, ಅದ್ಕೇ ಬುಟ್ಟೋಗಿದ್ದೆ. ಮುಳ್ ಬ್ಯಾರೆ ಒಡ್ದವ್ರೆ! ಪರಂಗಿಯೋರು ಬಂದಿದ್ರಾ ಇಲ್ಲಿಗೆ?"

"ಬಂದಿರ್ನಿಲ್ಲ."

"ಮತ್ ಯಾರೇ ಮಾಡ್ದೋರು? ಊರ್ ಸುಡಾಕ್ ಬಂದೋರು ಕಲ್ಲ್ ಸರಿ ಮಾಡ್ಕೊಟ್ ವೋದ್ರಾ?"

ಅಷ್ಟರಲ್ಲಿ ಮೂಲೆಯಿಂದ ಸೋಮಯ್ಯನವರ ಕೂಗು, "ಅಯ್ಯೋ, ನಮ್ ಮಂಚಕ್ಕೆ ಕಾಲ್ ಮೊಳೆತೈತಲ್ರೋ!" ಇಡೀ ಬೀದಿ ಓಡಿತು. ಒಬ್ಬಳ ಕಡೆಗೋಲು, ಇನ್ನೊಬ್ಬಳ ಮಣೆ. ರಂಗನಾಥನೇ ಬಂದು ಮಾಡಿದ ಎಂದು ಯಾರೋ ಕೈಮುಗಿದರು. ದೇವಯ್ಯ ತಾನೂ ಗಂಭೀರವಾಗಿ ಕೈಮುಗಿದ, ಅವನನ್ನು ಏನು ಮಾಡಬೇಕು ಹೇಳು.

ಕುಳ್ಳಮ್ಮ ಮಾತ್ರ ಗೂಟದ ಮೇಲೆ ಬೆರಳಾಡಿಸುತ್ತ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

"ನಾಗೂ," ಎಂದಳು, ಅವಳ ಬಾಯಲ್ಲಿ ಅಷ್ಟು ಸಣ್ಣ ದನಿ ನಾನು ಕೇಳಿಯೇ ಇರಲಿಲ್ಲ. "ಗೂಟದ್ ತಲೇನ ಇಂಗೆ ಮೂರ್ ಪಟ್ಟೆ ತಗ್ದು ದುಂಡ್ ಮಾಡೋದು ನಿಮ್ಮನೆ ಕೈಯಿ ಕಣೆ. ನಿಮ್ ಯಜಮಾನ್ರು ವೋಗಿ ಮೂರ್ ವರ್ಸ ಆಯ್ತು."

ಎಲ್ಲವನ್ನೂ ಹೇಳಿಬಿಟ್ಟೆ. ಗುಂಡು, ಮರದ ತುದಿ, ಮಳೆ, ಲಲಿತೆ, ನಾಗಮಂಗಲದವಳಿಗೆ ಕೊಟ್ಟ ಮಾತು. ಅವಳು ಬೈಯುತ್ತಾಳೆಂದು ಕಾದೆ. ಅವಳು ನೆಲಕ್ಕೆ ಕೈಯೂರಿ ನಕ್ಕಳು, ನಕ್ಕು ನಕ್ಕು ಕೆಮ್ಮಿದಳು.

"ಕಂಚುಗಾರನ ಮನೇಗೆ ಪಾತ್ರೆ ಒತ್ಕಂಡ್ ವೋಯ್ತಾಳಂತೆ! ಅವನ್ಕೈ ಏನ್ ಕಡ್ದೋಗೈತಾ? ಊರ್ಗೆಲ್ಲ ಬಿಂದಿಗೆ ಬಡಿಯೋನು ಹೆಂಡ್ರಿಗ್ ಒಂದ್ ಬಡಿಯಾಕಿಲ್ವಾ? ಮರದ್ದು ನೀ ಮಾಡು. ನೀನೇನ್ ಕುಂಟಿಯಾ?"

"ನಂಗೆಲ್ಲಿ ಬತ್ತದೆ ಬಡಗಿ ಕೆಲ್ಸ?" ಎಂದೆ.

ಅವಳು ಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸಿದಳು, ಅಷ್ಟೆ. ಆಮೇಲೆ "ಸರಿ, ನಿನ್ ಬಚ್ಚಲ್ ನೀರು ಇನ್ನೂ ನನ್ ಕಡೀಕೇ ಬತ್ತೈತೆ, ಅದ್ ನೋಡು ಮೊದ್ಲು" ಎಂದು ಶುರುಮಾಡಿದಳು.

ಜ್ಯೇಷ್ಠ ಶುದ್ಧ ಪಂಚಮಿ

ಒಂದು ವಾರದಿಂದ ಬರೆಯಲು ಪುರುಸೊತ್ತಿಲ್ಲ. ಕುಳ್ಳಮ್ಮನ ಗಾಣದ ಗಳು, ಕರಿಯಪ್ಪನ ಬಾಗಿಲ ಅಗುಳಿ, ಯಾರದೋ ತೊಟ್ಟಿಲು. ಜಗಲಿಯ ತುಂಬ ಮುರಿದ ಸಾಮಾನು. ಗೆರೆಯ ಒಳಗೆ ಇಟ್ಟು "ನಾಗಕ್ಕ, ನಂದು ಮೊದ್ಲು" ಎಂದು ಹೋಗುತ್ತಾರೆ. ಮಂಚಕ್ಕೆ ಹಾಕಿದ್ದ ಕಾಲು ಸೋಮಯ್ಯನವರಿಗೆ ಹಿಡಿಸಿ, ಹಲಸಿನ ದಿಮ್ಮಿಯೊಂದನ್ನು ಉರುಳಿಸಿ ತಂದು ಹಾಕಿದರು, ಹಳದಿ ಬಂಗಾರದಂಥ ಮರ. ಆ ಕಾಲನ್ನು ನಾನು ಈಗ ನೋಡಿದರೆ ನಾಚಿಕೆಯಾಗುತ್ತದೆ, ಸ್ವಲ್ಪ ಸೊಟ್ಟ. ಬದಲಾಯಿಸಿ ಕೊಡುತ್ತೇನೆ ಎಂದಿದ್ದೇನೆ.

ಸಿದ್ದರಾಜುವಿನ ಗಾಡಿ ನಾಗಮಂಗಲಕ್ಕೆ ಹೋಗುತ್ತಿತ್ತು. ಅವನ ಬಾಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸಿದೆ. ತುಂಬಿದ ಮನೆ ಎಂದದ್ದು ನನ್ನ ಜಂಬ. ಮರದ ಸಾಮಾನು ನಾನೇ ಮಾಡಿಕೊಡಬಲ್ಲೆ, ಲೋಹದ್ದು ನನ್ನಲ್ಲಿಲ್ಲ. ಒಪ್ಪಿದರೆ ಶ್ರಾವಣ, ಇಲ್ಲವಾದರೆ ಹೇಮಗಿರಿಯ ಹುಡುಗಿ. ಹೇಳಿ ಕಳಿಸಿದ ಮೇಲೆ ಎರಡು ದಿನ ಅನ್ನ ಇಳಿಯಲಿಲ್ಲ.

ಶುದ್ಧ ದಶಮಿ

ಸಿದ್ದರಾಜು ಬಂದ. ಗಾಡಿ ನಿಲ್ಲಿಸುವ ಮೊದಲೇ ಕೇಳಿದೆ. ಅವನು ನೀರು ಕುಡಿದು, ಎಲೆ ಅಡಿಕೆ ಹಾಕಿ, ನನ್ನ ಜೀವ ತಿಂದು, ಆಮೇಲೆ ಹೇಳಿದ.

ನಾಗರಾಜ ತಲೆ ಎತ್ತದೆ "ಪಾತ್ರೆ ನಂದು, ಮರ ಅಜ್ಜೀದು" ಅಂದನಂತೆ. ಸೋದರತ್ತೆ ಸುಮ್ಮನಿರುತ್ತಾಳೆಯೇ? "ಎಂಗಸ್ರು ಬಾಚಿ ಇಡಿಯಾದು ಎಲ್ಲಾರ ಉಂಟಾ?" ಎಂದು ಅರ್ಧ ಗಳಿಗೆ ಕೂಗಾಡಿ, ಸಿದ್ದರಾಜು ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳಂತೆ, "ಆವಮ್ಮ ಶಾವಿಗೆ ಒರಳು ಮಾಡ್ತಾಳಾ? ನಮ್ದು ಸೀಳೈತೆ." ಮಾಡುತ್ತಾಳೆ ಎಂದನಂತೆ ಇವನು. "ಅಂಗಾದ್ರೆ ಎಲ್ಡ್ ಮಾಡಾಕ್ ಯೋಳು. ಮದ್ವೆ ಸ್ರಾವಣಕ್ಕೆ."

ಪುಟ್ಟಲಕ್ಷ್ಮಿ, ಈಗ ಹೇಳು ಲಲಿತೆಗೆ. ಎಲ್ಲವನ್ನೂ ಹೇಳು, ನಾನು ಜಂಬ ಕೊಚ್ಚಿದ್ದನ್ನೂ, ಮೊಳ ತಪ್ಪಿದ್ದನ್ನೂ. ಆಮೇಲೆ ಕೇಳು, ಅಜ್ಜಿ ಕೆತ್ತಿದ ಸಾಮಾನಿನ ಮನೆಗೆ ಹೋಗಲು ನಿನಗೆ ಒಪ್ಪಿಗೆಯೇ ಎಂದು. ಮದುವೆ ನಿಶ್ಚಯವಾದಾಗ ಅವಳನ್ನು ನಾನು ಏನೂ ಕೇಳಿರಲಿಲ್ಲ. ಅವಳು ಒಂದು ಸಲ ಹೂಂ ಅಂದರೆ ಇನ್ನೊಂದು ಸಲ ಕೇಳು.

ಸಿದ್ದರಾಜು ನಾಳೆ ನಿಮ್ಮ ಬೂಕನಕೆರೆಯ ಮೇಲೆ ಹಾದು ಅತ್ತಿಕುಪ್ಪೆಗೆ ಹೋಗುತ್ತಾನೆ, ಈ ಕಡತವನ್ನು ಅವನ ಕೈಲೇ ಕಳಿಸುತ್ತಿದ್ದೇನೆ. ಹಲಸಿನ ದಿಮ್ಮಿ ಸೀಳಿಸಿ ಆಯಿತು, ಮೊದಲು ಅಡುಗೆಮನೆಯ ಮಣೆ ಮಾಡಬೇಕು. ಅವಳು ಕೂತರೆ ಒಲೆ ಕೈಗೆ ಸರಿಯಾಗಿ ಸಿಗಬೇಕು, ಮೊಣಕಾಲು ಎದೆಗೆ ಬರಬಾರದು. ಅವಳನ್ನು ಒಲೆಯ ಮುಂದೆ ಕೂರಿಸಿ, ನೆಲದಿಂದ ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ಒಂದು ಕಡ್ಡಿ ಮುರಿದು ಅದನ್ನು ಕಡತದೊಳಗೆ ಕಟ್ಟಿ ಕಳಿಸಿ. ಕಾಳಪ್ಪನವರು ಅಂದಾಜಿನಲ್ಲಿ ಹೇಳುವುದು ಬೇಡ, ಕಡ್ಡಿಯೇ ಬರಲಿ. ನಿಮ್ಮೆಲ್ಲರ ಸುದ್ದಿ ಎರಡು ಸಾಲಾದರೂ ಸಾಕು, ನಾನು ಬರೆದದ್ದನ್ನು ಒರೆಸಿ ಅಲ್ಲೇ ಬರೆಯಿರಿ. ಸಿದ್ದರಾಜು ಹುಣ್ಣಿಮೆಗೆ ತಿರುಗಿ ಬರುತ್ತಾನೆ. ತಡಮಾಡಬೇಡ ಪುಟ್ಟೂ, ಬಾಚಿ ಹದ ಮಾಡಿ ಇಟ್ಟುಕೊಂಡು ಕೂತಿದ್ದೇನೆ.